ಒಂಟಿಚಪ್ಪಲಿ ಶೂರ

ಅಣ್ಣಾ,

ಇವತ್ತು ಬೆಳಿಗ್ಗೆ ನನ್ನನ್ನೂ ಆ ಸ್ಕ್ಯಾನ್ ಮೆಷಿನ್ನಿನೊಳಗೆ ಮಲಗಿಸಿದರು. ನಿನ್ನನ್ನು ನಮ್ಮಿಂದ ಕರೆದೊಯ್ದ ಅದೇ ತಲೆನೋವು, ಅದೇ ಡಾಕ್ಟರು. ಚಪ್ಪಲಿಯನ್ನು ಬಾಗಿಲಾಚೆ ಬಿಡಿಸಿದರು. ಒಳಗೆ ಢಣಢಣ ಸದ್ದು ಶುರುವಾಯಿತು. ದೇವರನ್ನು ನೆನೆಯೋಣವೆಂದರೆ ನೆನಪಾದದ್ದು ಒಂಟಿಚಪ್ಪಲಿ ಶೂರ!

ನಮ್ಮಿಬ್ಬರನ್ನು ಬಿಟ್ಟರೆ ಯಾರೂ ನೋಡದ ಕಾರ್ಟೂನು ಅದು. ಹಾರಿದಾಗಲೆಲ್ಲ ಶೂರನ ಒಂದು ಚಪ್ಪಲಿ ಬಿದ್ದುಹೋಗುತ್ತಿತ್ತು. ಅದು ಸಿಗುವವರೆಗೂ ಖಳನಾಯಕ ಉರಿಯುವ ಬಾಂಬು ಹಿಡಿದುಕೊಂಡು, "ಸಿಕ್ತೇನಪ್ಪಾ?" ಎಂದು ಪಾಪ, ಕಾಯುತ್ತಿದ್ದ. ನೀನು ದಿಂಬನ್ನೇ ಬಾಂಬು ಮಾಡಿಕೊಂಡು ನಿಲ್ಲುತ್ತಿದ್ದುದು ಕಣ್ಣಿಗೆ ಕಟ್ಟಿತು. ನಗು ತಡೆಯಲಾಗದೆ ಮೈಯೆಲ್ಲ ಕುಲುಕಿತು.

"ಅಲ್ಲಾಡ್ಬೇಡಿ ಅಂದಿದ್ನಲ್ಲ ಮೇಡಂ! ಈಗ ಮತ್ತೆ ಮೊದಲಿಂದ ಮಾಡ್ಬೇಕು," ಎಂದು ಸ್ಕ್ಯಾನ್ ಮಾಡುವವನು ರೇಗಿದ. ಎರಡನೇ ಸಲ ನಗು ಬರಲಿಲ್ಲ.

ಅವತ್ತು ನೀನು ಫೋನಿನಲ್ಲಿ, "ನಾಳೆ ಸ್ಕ್ಯಾನು ಕಣೇ. ಹೊರಗೆ ಚಪ್ಪಲಿ ಕಾಯೋಕೆ ಬರ್ತೀಯಾ?" ಎಂದಿದ್ದೆ. ನಾನು ನಕ್ಕು, "ಆಫೀಸಿದೆ ಕಣೋ," ಎಂದಿದ್ದೆ.

ರಿಪೋರ್ಟು ಇನ್ನರ್ಧ ಗಂಟೆಯಲ್ಲಿ ಕೊಡುತ್ತೇವೆ, ಚಪ್ಪಲಿ ಹಾಕಿಕೊಂಡು ಡಾಕ್ಟರ ರೂಮಿಗೆ ಹೋಗಿ ಎಂದರು. ಎರಡೂ ಚಪ್ಪಲಿ ಬಿಟ್ಟಲ್ಲೇ ಇದ್ದವು. ನಾನು ಒಂದನ್ನು ಕಾಲಿನಿಂದ ಬೆಂಚಿನಡಿಗೆ ತಳ್ಳಿ, ತುಂಬ ಹೊತ್ತು ಹುಡುಕಿದೆ.