ಹಲವು ಮಕ್ಕಳ ತಾಯಿ ಬೇರು

ತಾಳ್ಯ
12-9-1974

ತಂಗಿ ಕೆಂಚಮ್ಮನಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದ.

ಸೋಮವಾರ ನೀನು ಹಸುಗೂಸನ್ನು ಎತ್ತಿಕೊಂಡು ಭರಮಸಾಗರದಿಂದ ಬಂದೆ. "ನನಗಿಂತ ನಮ್ಮ ಆಡೇ ವಾಸಿ ಕಣಕ್ಕ, ಎರಡು ಮರಿಗಾಗುವಷ್ಟು ಹಾಲೈತೆ. ನಂಗೆ ಹಾಲು ಬರೋಕೆ ಹಲವು ಮಕ್ಕಳ ತಾಯಿ ಬೇರು ಕೊಡು" ಎಂದೆ. ನಾನು "ಎಲ್ಲಾ ಒಣಗಿ ಹೋದ್ವು ಕಣೆ" ಎಂದುಬಿಟ್ಟೆ.

ಅದು ಸುಳ್ಳು. ಗುಡ್ಡದ ಕಾಡಿನಲ್ಲಿ ಕಮರದ ಮರಗಳ ನೆರಳಿಗೆ ನಾನೇ ನೆಟ್ಟು ಬೆಳೆಸಿದ ಬಳ್ಳಿಗಳು ಹಸಿರಾಗಿಯೇ ಇವೆ. ನನ್ನ ಮಗುವನ್ನು ಮಣ್ಣು ಮಾಡಿ ತಿಂಗಳು ತುಂಬಿರಲಿಲ್ಲ, ನಿನಗೂ ಗೊತ್ತು. ನೀನು ಹೇಳಿದ್ದು ಬೇರಿನ ಹೆಸರು, ನನಗೆ ಅದು ಹಂಗಿಸಿದ ಹಾಗೆ ಕೇಳಿಸಿತು. ಹಸಿದ ಕೂಸನ್ನು ಬರಿಗೈಯಲ್ಲಿ ಕಳಿಸಿದ ನಾಚಿಕೆಗೆ ನಿನ್ನೆಯವರೆಗೂ ಆ ಬಳ್ಳಿಗಳ ಕಡೆ ಹೋಗಿರಲಿಲ್ಲ.

ಈ ಬೆಳಿಗ್ಗೆ ಹೋಗಿ ಅಗೆದ ಬೇರನ್ನು ಪಾಲಯ್ಯಮಾವನ ಕೈಲಿ ಕಳಿಸಿದ್ದೇನೆ. ಸಿಪ್ಪೆ ಸುಲಿದು, ಒಳಗಿನ ನಾರು ತೆಗೆದು, ಜಜ್ಜಿ ಹಾಲಿನಲ್ಲಿ ಕುದಿಸಿ ಎರಡು ಹೊತ್ತು ಕುಡಿ. ಮುಗಿದ ಮೇಲೆ ಬಾ, ಬೇಕಾದಷ್ಟು ಅಗೆದು ಕೊಡುತ್ತೇನೆ. ಬರುವಾಗ ಮಾತ್ರ ಕೂಸನ್ನು ನಿಮ್ಮತ್ತೆಯ ಹತ್ತಿರ ಬಿಟ್ಟು ಬಾ. ಮುನಿಸಿಕೊಳ್ಳಬೇಡ. ಅದನ್ನು ಎತ್ತಿಕೊಳ್ಳುವ ಶಕ್ತಿ ನನಗಿನ್ನೂ ಬಂದಿಲ್ಲ.

ನಿನ್ನ ಅಕ್ಕ,
ಗಿರಿಯಮ್ಮ