ಹೊಸ ಜೈಲು ಬೇಡ, ಹಳೆಯ ಗಾಡಿ ಸಾಕು

ಮಾನ್ಯ ಕಾರಾಗೃಹ ಅಧೀಕ್ಷಕರೇ,

ಜೈಲಿನ ಹೆಬ್ಬಾಗಿಲ ಪಕ್ಕದ ಗೋಡೆಗೆ ತಾವು ಅಂಟಿಸಿರುವ ಪ್ರಕಟಣೆಯನ್ನು ಓದಿದೆ. ಕೈದಿಗಳ ಸಂಖ್ಯೆ ಮಿತಿಮೀರಿರುವುದರಿಂದ ಇನ್ನೂ ಆರುನೂರು ಮಂದಿ ಹಿಡಿಸುವ ಹೊಸ ಕಟ್ಟಡ ಕಟ್ಟಲು ಉದ್ದೇಶಿಸಲಾಗಿದೆ, ಸಾರ್ವಜನಿಕರಿಗೆ ಆಕ್ಷೇಪಣೆ ಇದ್ದಲ್ಲಿ ಮೂವತ್ತು ದಿನಗಳೊಳಗೆ ಲಿಖಿತವಾಗಿ ಸಲ್ಲಿಸಬಹುದು ಎಂದಿದ್ದೀರಿ. ನನಗೆ ಆಕ್ಷೇಪಣೆ ಇದೆ. ಬರೆದುಕೊಂಡು ಬಂದೂ ಇದ್ದೆ. ತಮ್ಮ ಕಚೇರಿಯ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನೀವು ಬಾಧಿತರಾ?" ಎಂದು ಕೇಳಿದರು.

"ನನ್ನ ತಮ್ಮ ಒಳಗಿದಾನೆ ಸಾರ್."

"ಹಾಗಾದ್ರೆ ಬಾಧಿತ ಅವನು, ನೀವಲ್ಲ. ಅವನೇ ಬಂದು ಕೊಡ್ಲಿ."

"ಅವನು ಹೇಗೆ ಬರ್ತಾನೆ ಸಾರ್? ಒಳಗಿದಾನಲ್ಲ!"

ಗುಮಾಸ್ತರು ಯೋಚಿಸಿದರು. ನಿಜಕ್ಕೂ ಯೋಚಿಸಿದರು, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಆಮೇಲೆ, "ಹೌದಲ್ಲ, ಅದಕ್ಕೆ ಗಾಡಿ ಬೇಕಾಗುತ್ತೆ. ಗಾಡಿ ಸದ್ಯಕ್ಕಿಲ್ಲ," ಎಂದು ಅರ್ಜಿಯನ್ನು ವಾಪಸು ಕೊಟ್ಟರು.

ಹೀಗಾಗಿ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ತಾವು ಬೆಳಿಗ್ಗೆ ಚಹಾದ ಜೊತೆ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತೀರಿ ಎಂದು ತಮ್ಮ ಇಲಾಖೆಯ ಚಾಲಕರೊಬ್ಬರು ಹೇಳಿದ್ದಾರೆ. ಪಾಪ, ಅವರನ್ನು ಬೈಯಬೇಡಿ.

ನಾನು ಯಾರೆಂದು ಹೇಳಿಬಿಡುತ್ತೇನೆ. ತಮ್ಮ ಕೈದಿಗಳು ತೊಡುವ ಅಂಗಿ ಪೈಜಾಮಗಳನ್ನು ಒಂಬತ್ತು ವರ್ಷಗಳಿಂದ ಹೊಲಿದುಕೊಡುತ್ತಿರುವವಳು ನಾನೇ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ. ಐದು ಮಿಷಿನ್ನು, ಆರು ಹೆಂಗಸರು. ಆರನೆಯವಳು ಮಿಷಿನ್ನಿನಲ್ಲಿ ಕೂರುವುದಿಲ್ಲ, ದಿನವಿಡೀ ಕಾಜಾ ಮಾಡಿ ಗುಂಡಿ ಹಚ್ಚುತ್ತಾಳೆ. ಅದಕ್ಕೇ ಅವಳನ್ನು ಎಲ್ಲರೂ ಕಾಜಾ ಅಕ್ಕ ಎಂದು ಕರೆಯುತ್ತಾರೆ. ಶುರುವಿನಲ್ಲಿ ನಮಗೆ ನಾನೂರು ಜನರ ಬಟ್ಟೆಗೆ ಆರ್ಡರ್ ಬರುತ್ತಿತ್ತು. ಜೈಲು ಕಟ್ಟಿಸಿದ್ದೂ ನಾನೂರು ಜನಕ್ಕೇ ಎಂದು ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿದೆ. ಹೋದ ವರ್ಷ ಸಾವಿರದ ನೂರು ಜನಕ್ಕೆ ಹೊಲಿದೆವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಜೈಲು ತುಂಬಿ ತುಳುಕುತ್ತಿದೆ ಎಂದು ನನ್ನ ಕತ್ತರಿಗೆ ತಮ್ಮ ವರದಿಗಿಂತ ಮೊದಲೇ ಗೊತ್ತಾಗಿತ್ತು. ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ನಾನು ತಮಗೆ ಹಾರ ಹಾಕಿ ಸನ್ಮಾನ ಮಾಡಬೇಕು.

ಆದರೆ ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಅಂಗಿ ಬಿಗಿಯಾಯಿತು ಎಂದು ಗಿರಾಕಿ ಬಂದರೆ ನಾವು ತಕ್ಷಣ ಹೊಸ ಬಟ್ಟೆ ಕತ್ತರಿಸಲು ಕೂರುವುದಿಲ್ಲ. ಎಲ್ಲಿ ಬಿಗಿ, ಯಾಕೆ ಬಿಗಿ ಎಂದು ನೋಡುತ್ತೇವೆ. ಎಷ್ಟೋ ಸಲ ಆ ಮಹಾರಾಯ ಅಂಗಿಯ ಒಳಗೆ ಇನ್ನೊಂದು ಅಂಗಿ ಹಾಕಿಕೊಂಡೇ ಬಂದಿರುತ್ತಾನೆ. "ಅದನ್ನ ಬಿಚ್ಚಿ ಬನ್ನಿ ಸಾರ್," ಎಂದರೆ ಮುಗಿಯಿತು. ತಮ್ಮ ಜೈಲಿನದೂ ಅದೇ ಕತೆ. ಸಾವಿರದ ನೂರರಲ್ಲಿ ಸುಮಾರು ಎಂಟುನೂರು ಮಂದಿಗೆ ಇನ್ನೂ ಶಿಕ್ಷೆಯೇ ಆಗಿಲ್ಲ. ತಪ್ಪು ಮಾಡಿದ್ದೀಯೋ ಇಲ್ಲವೋ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದಾರೆ, ಅಷ್ಟೆ. ಕೇಳಬೇಕಾದವರು ಕೋರ್ಟಿನಲ್ಲಿದ್ದಾರೆ. ಅಲ್ಲಿಂದ ಜೈಲಿಗೆ ಗಾಡಿಯಲ್ಲಿ ಹನ್ನೆರಡು ನಿಮಿಷದ ದಾರಿ. ಈ ಹನ್ನೆರಡು ನಿಮಿಷ ದಾಟಿಸಲಾಗದೆ ತಾವು ಆರುನೂರು ಜನರ ಕಟ್ಟಡ ಕಟ್ಟಿಸಲು ಹೊರಟಿದ್ದೀರಿ ಎಂದರೆ ನಗಬೇಕೋ ಅಳಬೇಕೋ ತಿಳಿಯದು.

ನನ್ನ ತಮ್ಮ ಆ ಎಂಟುನೂರರಲ್ಲಿ ಒಬ್ಬ. ಗೋಡೆಗೆ ಬಣ್ಣ ಬಳಿಯುವ ಕೆಲಸ ಅವನದು. ಬಣ್ಣ ಬಳಿದ ಮನೆಯೊಂದರಲ್ಲಿ ನೀರಿನ ಪಂಪು ಕಾಣೆಯಾಯಿತು, ಇವನನ್ನು ಹಿಡಿದರು. ಕದ್ದಿಲ್ಲ ಎನ್ನುತ್ತಾನೆ. ಅಕ್ಕನಾದ ನಾನು ನಂಬುತ್ತೇನೆ, ತಾವು ನಂಬಬೇಕಾಗಿಲ್ಲ. ಅದನ್ನು ತೀರ್ಮಾನಿಸಲೆಂದೇ ಕೋರ್ಟು ಇರುವುದು. ಜಾಮೀನಿಗೆ ಸ್ವಂತ ಮನೆ ಇರುವವರು ಯಾರಾದರೂ ನಿಲ್ಲಬೇಕಂತೆ. ಊರಿನ ಅರ್ಧ ಮನೆಗಳಿಗೆ ಬಣ್ಣ ಬಳಿದವನಿಗೆ ಒಂದೂ ಮನೆ ಒದಗಲಿಲ್ಲ. ಆ ಅಪರಾಧಕ್ಕೆ ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ ಎಂದು ವಕೀಲರು ಹೇಳುತ್ತಾರೆ. ಅವನು ಒಳಗೆ ಹೋಗಿ ಎರಡು ವರ್ಷ ಎಂಟು ತಿಂಗಳಾಯಿತು. ಇನ್ನು ನಾಲ್ಕು ತಿಂಗಳು ಹೀಗೇ ಕಳೆದರೆ ಶಿಕ್ಷೆ ಪೂರ್ತಿ ಮುಗಿದಿರುತ್ತದೆ, ವಿಚಾರಣೆ ಮಾತ್ರ ಶುರುವಾಗಿರುವುದಿಲ್ಲ. ಇಂಥ ಅಡ್ವಾನ್ಸ್ ವ್ಯವಹಾರ ನನ್ನ ಅಂಗಡಿಯಲ್ಲೂ ಇಲ್ಲ.

ಇದುವರೆಗೆ ಅವನಿಗೆ ಹತ್ತೊಂಬತ್ತು ಸಲ ದಿನಾಂಕ ಸಿಕ್ಕಿದೆ. ಐದು ಸಲ ಮಾತ್ರ ಅವನನ್ನು ಕೋರ್ಟಿಗೆ ಕರೆತಂದಿದ್ದಾರೆ. ಉಳಿದ ದಿನಗಳಲ್ಲೆಲ್ಲ ಜೈಲಿನಿಂದ ಒಂದು ಚೀಟಿ ಬರುತ್ತಿತ್ತು: ವಾಹನ ಲಭ್ಯವಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನಮ್ಮಲ್ಲಿ ಕೋರ್ಟು ದಿನ ಕೊಟ್ಟರೂ ತಾವು ಗಾಡಿ ಕೊಡುವುದಿಲ್ಲ.

ಈಗ ಕೈದಿಗಳ ಮನೆಯವರಾದ ನಮ್ಮ ಸಂಘದ ವಿಷಯಕ್ಕೆ ಬರುತ್ತೇನೆ. ಜೈಲಿನ ಎದುರು ಜನ "ಅನಧಿಕೃತವಾಗಿ ಗುಂಪುಗೂಡುತ್ತಿದ್ದಾರೆ" ಎಂದು ತಾವು ಪೊಲೀಸರಿಗೆ ಪತ್ರ ಬರೆದಿದ್ದೀರಂತೆ. ಸ್ವಾಮಿ, ಗುಂಪು ಕಟ್ಟಿದವರು ತಾವೇ. ಪ್ರತಿ ಗುರುವಾರ ಭೇಟಿಗೆ ಬಂದವರನ್ನು ಮೂರು ಮೂರು ಗಂಟೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಮನುಷ್ಯರು ಎಷ್ಟು ಹೊತ್ತು ಗೋಡೆ ನೋಡುತ್ತಾರೆ? ಮೊದಲು ಬಿಸಿಲಿನ ಮಾತಾಡಿದೆವು, ಆಮೇಲೆ ಮಂಡಿನೋವಿನ ಮಾತಾಡಿದೆವು. ಆರನೇ ವಾರದ ಹೊತ್ತಿಗೆ ಎಲ್ಲರ ಮನೆಯವರಿಗೂ ಅದೇ ಚೀಟಿ ಬಂದಿದೆ ಎಂದು ಗೊತ್ತಾಯಿತು. ಬೇರೆ ಊರುಗಳಲ್ಲಿ ಚಳವಳಿ ಕಟ್ಟಲು ಜನ ವರ್ಷಗಟ್ಟಲೆ ಒದ್ದಾಡುತ್ತಾರೆ. ನಮಗೆ ತಾವು ಸಾಲು, ಸಮಯ, ಸಮಸ್ಯೆ ಮೂರನ್ನೂ ಪುಕ್ಕಟೆ ಒದಗಿಸಿದಿರಿ.

ಆ ಸಾಲಿನಲ್ಲಿ ಒಬ್ಬ ಅಜ್ಜ ಇದ್ದರು. ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಟೈಮ್‌ಕೀಪರ್ ಆಗಿದ್ದವರು, ಮಗ ಒಳಗಿದ್ದಾನೆ. ನಾವು ಟೈಮ್ ಅಜ್ಜ ಎನ್ನುತ್ತೇವೆ. ನಿವೃತ್ತಿಯಾದರೂ ಅವರ ಕೈ ಸುಮ್ಮನಿರುವುದಿಲ್ಲ, ಗಾಡಿ ಕಂಡರೆ ಗಡಿಯಾರ ನೋಡಿ ಬರೆದುಕೊಳ್ಳಲೇಬೇಕು. ತಮ್ಮ ಜೈಲಿನ ಎರಡು ಗಾಡಿಗಳು ಎಷ್ಟು ಹೊತ್ತಿಗೆ ಹೊರಟವು, ಯಾವ ಕಡೆ ತಿರುಗಿದವು, ಎಷ್ಟು ಹೊತ್ತಿಗೆ ಬಂದವು ಎಂದು ಎದುರಿನ ಚಹಾದಂಗಡಿಯಲ್ಲಿ ಕೂತು ಮೂರು ತಿಂಗಳು ಬರೆದರು. ನಾನು ನನ್ನ ಅಳತೆ ಪುಸ್ತಕದಲ್ಲಿ ಪ್ರತಿ ಮನೆಯವರ ಕೋರ್ಟಿನ ದಿನಾಂಕ ಬರೆದೆ. ಎದೆ, ಸೊಂಟ, ತೋಳು ಎಂದು ಗೆರೆ ಹಾಕಿದ್ದ ಜಾಗದಲ್ಲಿ ದಿನ, ಕರೆತಂದರು, ಕರೆತರಲಿಲ್ಲ.

ಒಂದು ಗುರುವಾರ ಎರಡೂ ಪುಸ್ತಕಗಳನ್ನು ಪಕ್ಕದಲ್ಲಿಟ್ಟು ಓದಲು ಕೂತೆವು. ಸರ್ಕಾರಿ ಗಾಡಿ ಯಾರ ಮನೆಯ ಕುರ್ಚಿ ಹೊರುತ್ತದೆ, ಯಾವ ಸಾಹೇಬರನ್ನು ಪೇಟೆ ಸುತ್ತಿಸುತ್ತದೆ ಎಂದು ಬಯಲಿಗೆಳೆಯುವ ಉಮೇದಿನಲ್ಲಿ ನಾನೇ ಮುಂದೆ ಇದ್ದೆ. ಅಜ್ಜ ಕನ್ನಡಕ ಏರಿಸಿ ಓದುತ್ತಾ ಹೋದರು.

"ಹತ್ತೊಂಬತ್ತನೇ ತಾರೀಕು, ಮಂಗಳವಾರ. ಎರಡನೇ ಗಾಡಿ. ಒಂಬತ್ತೂ ಐದಕ್ಕೆ ಹೊರಟಿದೆ. ಎಡಕ್ಕೆ ತಿರುಗಿದೆ. ಹತ್ತೂವರೆಗೆ ವಾಪಸ್ಸು. ಒಳಗೆ ಬಟ್ಟೆ ಮೂಟೆ."

ಹತ್ತೊಂಬತ್ತನೇ ತಾರೀಕು ನನ್ನ ತಮ್ಮನ ದಿನ. ಆ ಬಟ್ಟೆ ಮೂಟೆ ನನ್ನದು.

ಮಾನ್ಯರೇ, ಆ ಗಾಡಿಯನ್ನು ಕರೆಸಿದವಳು ನಾನೇ. ಹಿಂದಿನ ದಿನ ತಮ್ಮ ಕಚೇರಿಗೆ ಫೋನ್ ಮಾಡಿ, "ನಾಳೆ ಬೆಳಿಗ್ಗೆನೇ ಗಾಡಿ ಕಳಿಸ್ಬಿಡಿ ಸಾರ್, ಮೂಟೆ ಹೋದ್ರೆ ಅಂಗಡಿ ಬಾಗಿಲು ಹಾಕ್ಕೊಂಡು ಕೋರ್ಟಿಗೆ ಹೋಗ್ತೀನಿ, ನಮ್ಮ ತಮ್ಮನ ಕೇಸಿದೆ," ಎಂದು ಗೋಗರೆದಿದ್ದೆ. ಗಾಡಿ ಸಮಯಕ್ಕೆ ಸರಿಯಾಗಿ ಬಂತು. ತಮ್ಮ ಇಲಾಖೆ ನನ್ನ ಮಾತನ್ನು ನಡೆಸಿಕೊಟ್ಟಿದ್ದು ಅದೊಂದೇ ಸಲ. ನಾನು ಚಾಲಕರಿಗೆ ಕೈಮುಗಿದು, ಬಸ್ಸು ಹಿಡಿದು ಓಡಿ, ಕೋರ್ಟಿನ ವರಾಂಡದಲ್ಲಿ ಸಂಜೆಯವರೆಗೆ ನಿಂತೆ. ವಾಹನ ಲಭ್ಯವಿಲ್ಲ ಎಂಬ ಚೀಟಿ ಬಂತು. ಅವತ್ತು ತಮ್ಮ ಇಡೀ ವಂಶಕ್ಕೆ ನಾನು ಹಾಕಿದ ಶಾಪವನ್ನು ಈ ಮೂಲಕ ವಾಪಸು ಪಡೆಯುತ್ತಿದ್ದೇನೆ.

ಸಾಲಿಗೆ ನನ್ನ ಜೊತೆ ಬಂದಿದ್ದ ಕಾಜಾ ಅಕ್ಕ, "ಮೂಟೆ ಎತ್ತಿ ಗಾಡಿಗೆ ಹಾಕಿದ್ದು ನಾನಲ್ವೇನೇ," ಎಂದು ಸೆರಗು ಬಾಯಿಗಿಟ್ಟುಕೊಂಡಳು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ನನಗೆ ಗೊತ್ತಿತ್ತು. ನಾನು ಮಾಡಿದ್ದನ್ನು ನನ್ನ ತಮ್ಮ ಉಂಡ.

ಆ ಗುರುವಾರವೇ ಜಾಲರಿಯ ಆಚೆ ನಿಂತಿದ್ದ ಅವನಿಗೆ ಹೇಳಿಬಿಟ್ಟೆ. ಹೇಳುವಾಗ ಅತ್ತೆ. ಅವನು, "ಹೋಗ್ಲಿ ಬಿಡಕ್ಕಾ. ಬಟ್ಟೆ ಚೆನ್ನಾಗೇ ಬಂದಿದ್ವು. ಕಾಲರ್ ಮಾತ್ರ ಒಂಚೂರು ಬಿಗಿ," ಎಂದು ನಕ್ಕ. ಎರಡು ವರ್ಷ ಎಂಟು ತಿಂಗಳು ಒಳಗಿಟ್ಟೂ ಅವನ ಈ ಕುಚೋದ್ಯವನ್ನು ತಮಗೆ ಬಿಡಿಸಲಾಗಿಲ್ಲ.

ಆದ್ದರಿಂದ ತಮ್ಮನ್ನು ಒಬ್ಬರನ್ನೇ ದೂರುವ ಹಕ್ಕು ನನಗಿಲ್ಲ. ಕೈದಿಗಳಿಗೆ ಸಮಯಕ್ಕೆ ಸರಿಯಾಗಿ ಬಟ್ಟೆ ತಲುಪಲಿ ಎಂದು ಕೈದಿಗಳನ್ನೇ ಬಿಟ್ಟು ಗಾಡಿ ಓಡಿಸುವ ಈ ಜಾಣತನದಲ್ಲಿ ನನ್ನದೂ ಪಾಲಿದೆ. ಆದರೆ ಒಂದು ಮಾತು. ನನ್ನ ತಪ್ಪು ನನಗೆ ತಿಳಿದದ್ದು ಯಾರೋ ಕೂತು ಬರೆದಿಟ್ಟಿದ್ದರಿಂದ. ತಮ್ಮ ಕಚೇರಿಯಲ್ಲಿ ಇದನ್ನು ಬರೆದಿಡುವವರು ಯಾರಿದ್ದಾರೆ?

ಟೈಮ್ ಅಜ್ಜ ಒಂದು ವೇಳಾಪಟ್ಟಿ ತಯಾರಿಸಿದ್ದಾರೆ. ಪತ್ರದ ಜೊತೆ ಲಗತ್ತಿಸಿದ್ದೇನೆ. ಎರಡು ಗಾಡಿ, ಒಂದೊಂದರಲ್ಲಿ ಹದಿನಾಲ್ಕು ಸೀಟು. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಒಂದು ಟ್ರಿಪ್ಪು, ಒಂಬತ್ತೂ ಐವತ್ತಕ್ಕೆ ಇನ್ನೊಂದು. ಐವತ್ತಾರು ಮಂದಿ ಕೋರ್ಟು ತಲುಪುತ್ತಾರೆ. ಈ ಮೂರು ತಿಂಗಳಲ್ಲಿ ಯಾವ ದಿನವೂ ನಲವತ್ತೇಳಕ್ಕಿಂತ ಹೆಚ್ಚು ಜನಕ್ಕೆ ದಿನಾಂಕ ಇರಲಿಲ್ಲ. ಇನ್ನೂ ಒಂಬತ್ತು ಸೀಟು ಖಾಲಿ. ಬೇಕಾದರೆ ಗುಮಾಸ್ತರನ್ನು ಕೂರಿಸಿ ಕಳಿಸಿ, ಬಾಧಿತರು ಹೇಗಿರುತ್ತಾರೆ ಎಂದು ನೋಡಿಕೊಂಡು ಬರಲಿ. "ಬಸ್ ಓಡ್ಸೋದಕ್ಕೆ ಬುದ್ಧಿವಂತಿಕೆ ಬೇಡಮ್ಮ, ಹೊರಡೋ ಹೊತ್ತಿಗೆ ಹೊರಡ್ಬೇಕು ಅಷ್ಟೆ," ಎನ್ನುತ್ತಾರೆ ಅಜ್ಜ.

ನಮ್ಮ ಬೇಡಿಕೆ ಇಷ್ಟೇ. ಹೊಸ ಕಟ್ಟಡದ ಯೋಜನೆಯನ್ನು ಕೈಬಿಡಿ. ಗಾಡಿಗಳನ್ನು ಈ ಪಟ್ಟಿಯಂತೆ ಓಡಿಸಿ, ಕೋರ್ಟಿನ ಕೆಲಸ ಮುಗಿದ ಮೇಲೆ ಬೇರೆ ಏನನ್ನಾದರೂ ಹೊರಿಸಿ. ಆರು ತಿಂಗಳಲ್ಲಿ ಕಲ್ಲಿನ ಮೇಲೆ ಕೆತ್ತಿದ ಸಂಖ್ಯೆಯ ಹತ್ತಿರಕ್ಕಾದರೂ ಬರುತ್ತೀರಿ. ಇಷ್ಟಾದರೂ ಕಟ್ಟಿಯೇ ತೀರುತ್ತೇನೆ ಎಂದರೆ, ಆ ಆರುನೂರು ಜನರ ಬಟ್ಟೆಯನ್ನು ನಾವು ಹೊಲಿಯುವುದಿಲ್ಲ. ಆರು ಜನವೂ ಕೂತು ತೀರ್ಮಾನಿಸಿದ್ದೇವೆ. ಈ ಆರ್ಡರ್ ಇಲ್ಲದಿದ್ದರೆ ನಮ್ಮ ಅಂಗಡಿಗೆ ಕಷ್ಟವಿದೆ, ಸುಳ್ಳು ಹೇಳುವುದಿಲ್ಲ. ಆದರೆ ಕಾಜಾ ಅಕ್ಕ ಹೇಳಿದಳು: "ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯೋಣ ಬಿಡೇ. ಅವು ಸಂಜೆ ಆದ್ರೆ ಮನೆಗಾದ್ರೂ ಹೋಗ್ತವೆ."

ಕೊನೆಯದಾಗಿ ಒಂದು ಸ್ವಂತದ ವಿಷಯ. ಬರುವ ತಿಂಗಳ ಇಪ್ಪತ್ತಮೂರಕ್ಕೆ ನನ್ನ ತಮ್ಮನಿಗೆ ಇಪ್ಪತ್ತನೇ ದಿನಾಂಕ. ಈ ವರ್ಷದ ಉಳಿದ ಬಟ್ಟೆ ಒಯ್ಯಲು ತಮ್ಮ ಗಾಡಿ ನನ್ನ ಅಂಗಡಿಗೆ ಬರುವುದೂ ಇಪ್ಪತ್ತಮೂರಕ್ಕೇ ಎಂದು ಆರ್ಡರ್ ಚೀಟಿಯಲ್ಲಿದೆ. ದಯವಿಟ್ಟು ಗಾಡಿ ಕಳಿಸಬೇಡಿ. ಮೂಟೆಗಳನ್ನು ನಾವು ಆರು ಜನ ಹಿಂದಿನ ದಿನವೇ ತಳ್ಳುಗಾಡಿಯಲ್ಲಿ ತಂದು ತಮ್ಮ ಬಾಗಿಲಿಗೆ ಇಳಿಸುತ್ತೇವೆ. ತಾವು ಅವನನ್ನು ಕರೆದುಕೊಂಡು ಹೋಗಿ.

ಬಿಡುಗಡೆಯಾದರೆ ಜೈಲಿನ ಬಟ್ಟೆಯಲ್ಲಿ ಮನೆಗೆ ಬರುವುದು ಬೇಡ ಎಂದು ಪ್ರತಿ ದಿನಾಂಕಕ್ಕೂ ಅವನ ಒಂದು ಅಂಗಿಯನ್ನು ಇಸ್ತ್ರಿ ಮಾಡಿ ಕೋರ್ಟಿಗೆ ಒಯ್ಯುತ್ತೇನೆ. ಅವನು ಒಳಗೆ ಹೋದಾಗ ಅದರ ಎದೆ ಮೂವತ್ತೆಂಟು ಇತ್ತು. ಜಾಲರಿಯ ಆಚೆ ನಿಂತವನನ್ನು ಕಣ್ಣಳತೆಯಲ್ಲೇ ನೋಡಿ ನೋಡಿ ಅಂಗಿಯನ್ನು ಒಳಗೆ ಹಿಡಿದು ಹೊಲಿಯುತ್ತಾ ಬಂದು ಈಗ ಮೂವತ್ತನಾಲ್ಕಕ್ಕೆ ತಂದಿದ್ದೇನೆ. ಒಳಗೆ ಮಡಚಿದ ಬಟ್ಟೆಯನ್ನು ಮಾತ್ರ ಕತ್ತರಿಸಿಲ್ಲ. ಮನೆಗೆ ಬಂದು ನಾಲ್ಕು ದಿನ ಹೊಟ್ಟೆ ತುಂಬ ಉಂಡರೆ ಹೊಲಿಗೆ ಬಿಚ್ಚಿಕೊಡಬೇಕಲ್ಲ.

ಇಂತಿ,
ತಮ್ಮ ಕಚೇರಿಯ ಪ್ರಕಾರ ಬಾಧಿತಳಲ್ಲದ,
ಬಸ್ ನಿಲ್ದಾಣದ ಹಿಂದಿನ ಓಣಿಯ ಟೈಲರ್