ಅಭ್ಯರ್ಥಿ ಇನ್ನೂ ಬದುಕಿದ್ದಾರೆ

ಗೊರ್ನಾ ಲಿವಾದಾ
ನವೆಂಬರ್ 3, ಶುಕ್ರವಾರ ಸಂಜೆ

ಮಹಾಮಹಿಮಳೂ ಮುನಿಸಿಕೊಂಡವಳೂ ಆದ ನನ್ನ ಪ್ರೀತಿಯ ನೆವೆನಾ ಅಜ್ಜಿಗೆ,

ನಿನ್ನ ಎಡಮಂಡಿ ಹೇಗಿದೆ? ಬುರ್ಗಾಸಿನ ಸಮುದ್ರದ ಗಾಳಿಗೆ ನೋವು ಹೋಯಿತೋ, ಇಲ್ಲಾ ಬಲಮಂಡಿಗೂ ಬಂತೋ? ಪೆಂಕಾ ಚಿಕ್ಕಜ್ಜಿಯ ರಕ್ತದೊತ್ತಡ ಮತ್ತು ಆಕೆಯ ಬೆಕ್ಕಿನ ಹೊಟ್ಟೆ ಎರಡೂ ಹತೋಟಿಯಲ್ಲಿವೆ ಎಂದು ನಂಬಿದ್ದೇನೆ. ಮಾತ್ರೆಯನ್ನು ಊಟ ಆದ ಮೇಲೆ ನುಂಗು, ಧಾರಾವಾಹಿ ಆದ ಮೇಲಲ್ಲ. ಇಲ್ಲಿ ನಾನು ಕ್ಷೇಮ, ನಿನ್ನ ದ್ರಾಕ್ಷಿ ಚಪ್ಪರ ಕ್ಷೇಮ. ಅಜ್ಜನ ಕ್ಷೇಮದ ಬಗ್ಗೆ ಮಾತ್ರ ಊರಿನಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ ಉಂಟಾಗಿತ್ತು. ಅದನ್ನು ವಿವರಿಸುವುದಕ್ಕೇ ಈ ಕಾಗದ. ನೀನು ಅವನ ಫೋನು ಎತ್ತುವುದಿಲ್ಲ. ನನ್ನದನ್ನು ಎತ್ತಿದರೂ ಅವನ ಹೆಸರು ಬಂದ ಕೂಡಲೇ "ಒಲೆ ಮೇಲೆ ಸಾರು ಉಕ್ತಿದೆ ಕಣೇ" ಎಂದು ಇಟ್ಟುಬಿಡುತ್ತೀ. ತಿಂಗಳಾನುಗಟ್ಟಲೆ ಉಕ್ಕುವ ಆ ಸಾರು ಯಾವುದೋ ಕಾಣೆ. ಆದಕಾರಣ, ಶ್ರೀ ಸ್ಪಾಸ್ ಗೆರ್ಗೊವ್ ಅವರ ಮೇಯರ್ ಚುನಾವಣಾ ಪ್ರಚಾರ ಸಮಿತಿಯ ಪ್ರಧಾನ ಕಾರ್ಯದರ್ಶಿ, ವಕ್ತಾರೆ ಮತ್ತು ಅಂಟು ಕಲಸುವವಳ ನೆಲೆಯಲ್ಲಿ, ನಿನ್ನ ಮೊಮ್ಮಗಳಾದ ನಾನು ಲಿಖಿತ ವರದಿ ಸಲ್ಲಿಸುತ್ತಿದ್ದೇನೆ.

ಮೊದಲು ನಿನ್ನ ಪರವಾಗಿ ಒಂದು ಮಾತು ದಾಖಲಾಗಲಿ. ತಪ್ಪು ಅವನದೇ. ಕಟ್ಟಿಕೊಂಡ ಹೆಂಡತಿಗೆ ಒಂದು ಮಾತು ಹೇಳದೆ ಚುನಾವಣೆಗೆ ಹೆಸರು ಕೊಟ್ಟು ಬಂದ. ಆ ಸುದ್ದಿಯನ್ನು ನೀನು ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ, ಅದೂ ಪಕ್ಕದ ಮನೆಯ ಸ್ಟಾಂಕಾ ಅತ್ತೆಯ ಬಾಯಿಂದ ಕೇಳಬೇಕಾಯಿತು. ಅದೂ ಹೋಗಲಿ ಎಂದರೆ, ನೀನು ಅಂಗಳದಲ್ಲಿ ಕೂತು ಕಣ್ಣು ಕೆಂಪಗೆ ಮಾಡಿಕೊಂಡು ದಪ್ಪ ಮೆಣಸಿನಕಾಯಿ ಸುಟ್ಟು, ಸಿಪ್ಪೆ ಬಿಡಿಸಿ, ಟೊಮೆಟೊ ಸೇರಿಸಿ ಕಡಾಯಿಯಲ್ಲಿ ಮಗುಚಿ ಮಗುಚಿ ಚಳಿಗಾಲಕ್ಕೆಂದು ಮಾಡಿಟ್ಟ ಲ್ಯೂತೆನಿತ್ಸಾ ಚಟ್ನಿಯ ಬಾಟಲಿಗಳನ್ನೆಲ್ಲ ಕೈಗಾಡಿಗೆ ಹೇರಿ, "ಸ್ಪಾಸ್ ಮೇಷ್ಟ್ರ ಪ್ರೀತಿಯ ಕಾಣಿಕೆ" ಎಂದು ಮನೆಮನೆಗೆ ಹಂಚಿದ. ಖಾಲಿ ನೆಲಮಾಳಿಗೆಯಲ್ಲಿ ನಿಂತು ನೀನು "ಸ್ಪಾಸ್, ನನ್ನನ್ನ ಕೇಳಿದ್ಯಾ?" ಎಂದಾಗ ಅವನು ಎದೆ ಉಬ್ಬಿಸಿ "ಊರಿಗೋಸ್ಕರ ನೆವೆನಾ, ಊರಿಗೋಸ್ಕರ!" ಎಂದದ್ದಕ್ಕೆ ನಾನೇ ಸಾಕ್ಷಿ. ನೀನು ಅಂದೇ ರೈಲು ಹತ್ತಿದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಹತ್ತುವ ಮೊದಲು ಅವನ ತಲೆಯ ಮೇಲೆ ಒಂದು ಖಾಲಿ ಬಾಟಲಿ ಒಡೆದು ಹೋಗುತ್ತಿದ್ದೆ. ಆಮೇಲೆ ನಡೆದದ್ದು ಕೇಳು. ಮತದಾರರಿಗೆ ತಿನ್ನಲು ಕೊಡುವುದು ಕಾನೂನಿಗೆ ವಿರುದ್ಧ ಎಂದು ಯಾರೋ ದೂರಿತ್ತರು. ಅಭ್ಯರ್ಥಿ ಗಾಬರಿಯಾಗಿ, ಕೊಟ್ಟದ್ದನ್ನು ವಾಪಸು ತರಲು ನನ್ನನ್ನೇ ಅಟ್ಟಿದ. ಜನ ಬಹಳ ಪ್ರಾಮಾಣಿಕರು ಅಜ್ಜಿ. ಎಲ್ಲರೂ ಬಾಟಲಿ ತೊಳೆದು ಒರೆಸಿ ಕೊಟ್ಟರು.

ಆದರೂ ಅವನು ನಿಂತದ್ದು ಯಾಕೆಂದು ನಿನಗೆ ಗೊತ್ತಿಲ್ಲದೆ ಇಲ್ಲ. ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲೆಲ್ಲ ಈಗ ಅಪಾರ್ಟ್‌ಮೆಂಟುಗಳು ಬೆಳೆದಿವೆ. ನೀರು ನಾಲ್ಕನೇ ಮಹಡಿ ಹತ್ತುವುದಿಲ್ಲ, ಬೆಳಗಿನ ಸೋಫಿಯಾ ಬಸ್ಸಿನಲ್ಲಿ ನಾನು ಒಂಟಿಕಾಲಿನಲ್ಲಿ ನಿಂತು ಕಾಲೇಜಿಗೆ ಹೋಗುತ್ತೇನೆ. ಅದನ್ನೆಲ್ಲ ಅಜ್ಜ ಸಹಿಸಿದ. ಶಾಲೆಯ ಆಟದ ಮೈದಾನದಲ್ಲೂ ಒಂದು ಕಟ್ಟಡ ಎಬ್ಬಿಸಲು ಮೇಯರ್ ಮಾನ್ಚೆವ್ ಒಪ್ಪಿಗೆ ಕೊಡುತ್ತಾನೆ ಎಂದು ಗೊತ್ತಾದಾಗ ಮಾತ್ರ ತಡೆಯಲಾಗಲಿಲ್ಲ. ಬಾಳೆಲ್ಲ ಆ ಮೈದಾನದಲ್ಲಿ ಸೀಟಿ ಊದಿದ ಡ್ರಿಲ್ ಮೇಷ್ಟ್ರು ಅವನು, ಆ ಮಾನ್ಚೆವ್‌ಗೂ ಅಲ್ಲೇ ಪಲ್ಟಿ ಹೊಡೆಯಲು ಕಲಿಸಿದವನು. "ಹಗ್ಗ ಹತ್ತಕ್ಕೆ ಬರದೆ ಅರ್ಧದಲ್ಲಿ ನೇತಾಡ್ತಿದ್ದ ಹುಡುಗ ನನ್ನ ಮೈದಾನ ಮಾರ್ತಾನಾ?" ಎಂದು ಹಾರಾಡಿದ. ನಿನ್ನನ್ನು ಕೇಳದೇ ಇದ್ದದ್ದಕ್ಕೂ ಕಾರಣ ನನಗೆ ಗೊತ್ತು. ಕೇಳಿದ್ದರೆ ನೀನು "ಬೇಡ" ಎನ್ನುತ್ತಿದ್ದೆ, ನೀನು ಬೇಡ ಎಂದದ್ದನ್ನು ಅವನು ಈವರೆಗೆ ಮಾಡಿದ್ದಿಲ್ಲ.

ಈಗ ಪೋಸ್ಟರಿನ ಪ್ರಕರಣಕ್ಕೆ ಬರುತ್ತೇನೆ. ದಯವಿಟ್ಟು ಕುರ್ಚಿಯ ಮೇಲೆ ಕುಳಿತುಕೊ. ಮಾನ್ಚೆವ್‌ನ ಪೋಸ್ಟರುಗಳು ಬಣ್ಣಬಣ್ಣದವು. ಅದರಲ್ಲಿ ಅವನು ಹಲ್ಲು ಬಿಟ್ಟುಕೊಂಡು ಯಾರದೋ ಮಗುವನ್ನು ಎತ್ತಿಕೊಂಡಿದ್ದಾನೆ. ನಮಗೆ ಅಂಥದ್ದು ಮಾಡಿಸಲು ಆಗದು. ಆಗ ಚರ್ಚಿನ ಪಕ್ಕದ ಅಂಗಡಿಯ ವಾಂಚೊ ಮಾವ "ನಾನು ಹಾಕ್ಕೊಡ್ತೀನಿ ಮೇಷ್ಟ್ರೇ, ಕಪ್ಪು ಬಿಳುಪು, ನೀಟಾಗಿ" ಎಂದ. ವಾಂಚೊ ಮಾವ ಈ ಜನ್ಮದಲ್ಲಿ ಅಚ್ಚು ಹಾಕಿರುವುದು ಒಂದೇ ಬಗೆಯ ಕಾಗದ: ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಮನೆಬಾಗಿಲಿಗೆ, ಲೈಟುಕಂಬಕ್ಕೆ, ಬಸ್ ಸ್ಟಾಪಿಗೆ ಅಂಟಿಸುವ ಸಾವಿನ ಕಾಗದ. ನಾನು ಈ ಸಂಗತಿಯತ್ತ ಅಭ್ಯರ್ಥಿಯ ಗಮನ ಸೆಳೆದೆ. ವಾಂಚೊ ಮಾವನೇ ಉತ್ತರ ಕೊಟ್ಟ: "ಇಷ್ಟು ವರ್ಷದಲ್ಲಿ ನನ್ನ ಫೋಟೋದಲ್ಲಿರೋರು ಒಬ್ರೂ ಬಂದು ಕಂಪ್ಲೇಂಟ್ ಮಾಡಿಲ್ಲಮ್ಮಾ." ಅಜ್ಜನಿಗೆ ಈ ವಾದ ಸರಿ ಎನಿಸಿತು. ನಗುತ್ತಿರುವ ಫೋಟೋ ಕೊಡು ಎಂದೆ. "ನಾನೇನು ಟೂತ್‌ಪೇಸ್ಟ್ ಮಾರಕ್ಕೆ ಹೊರಟಿದೀನಾ?" ಎಂದು ಕರಿ ಕೋಟಿನಲ್ಲಿ ಬಿಗಿದುಕೊಂಡಿರುವ ನಿವೃತ್ತಿಯ ದಿನದ ಫೋಟೋ ಕೊಟ್ಟ. ಒಕ್ಕಣೆಯನ್ನು ತಾನೇ ಬರೆದ. ನಡುವೆ ದೊಡ್ಡಕ್ಷರದಲ್ಲಿ: ಸ್ಪಾಸ್ ಗೆರ್ಗೊವ್. ಪ್ರೀತಿಯ ಪತಿ, ತಂದೆ, ಅಜ್ಜ, ಗುರು. ತಮ್ಮ ಬಾಳನ್ನೆಲ್ಲ ಈ ಊರಿನ ಮಕ್ಕಳಿಗೆ ಕೊಟ್ಟವರು. ಭಾನುವಾರ ಬೆಳಿಗ್ಗೆ ಏಳರಿಂದ ಶಾಲೆಯ ಆವರಣದಲ್ಲಿ. ಎಲ್ಲರೂ ಬನ್ನಿ. ಮೇಯರ್, ಅಭ್ಯರ್ಥಿ, ಮತ ಎನ್ನುವ ಪದಗಳೆಲ್ಲ ತೀರಾ ಕೆಳಗೆ ಇರುವೆ ಸಾಲಿನಂತೆ ಇದ್ದವು. ವಾಂಚೊ ಮಾವ ಕೈ ಹೋದ ಹಾಗೆ ಸುತ್ತ ದಪ್ಪ ಕಪ್ಪು ಚೌಕಟ್ಟು ಎಳೆದಾಗ ಅವೂ ಮುಚ್ಚಿಹೋದವು. ಒಂದು ವಿಷಯ ನಿನಗೆ ಹೇಳಲೇಬೇಕು. "ಪ್ರೀತಿಯ ಪತಿ" ಎಂಬುದು ಮೊದಲು ಬರೆದುಕೊಟ್ಟದ್ದರಲ್ಲಿ ಇರಲಿಲ್ಲ. ರಾತ್ರಿ ಊಟಕ್ಕೆ ಕೂತವನು ಎದ್ದು ಹೋಗಿ ವಾಂಚೊ ಮಾವನಿಗೆ ಫೋನು ಮಾಡಿ ಅದನ್ನು ಸೇರಿಸಿದ. "ಎಲ್ಲಕ್ಕಿಂತ ಮೇಲೆ ಹಾಕು" ಎಂದದ್ದು ನನಗೆ ಅಡುಗೆಮನೆಯಿಂದ ಕೇಳಿಸಿತು.

ಹೋದ ವಾರ ಬುಧವಾರ ಬೆಳಿಗ್ಗೆ ನಾನು ಶ್ರದ್ಧೆಯಿಂದ ಊರಿಗೆಲ್ಲ ಅಂಟಿಸಿದೆ, ನಮ್ಮ ಗೇಟಿಗೂ ಒಂದು. ಅಂಟಿಸುವಾಗ ಇಬ್ಬರು ಮುದುಕರು ಟೋಪಿ ತೆಗೆದು ನಿಂತರು. ಅಭ್ಯರ್ಥಿಗೆ ಇಷ್ಟೊಂದು ಗೌರವವಿದೆಯಲ್ಲ ಎಂದು ಹೆಮ್ಮೆಪಟ್ಟೆ ಎಂದು ಬರೆದರೆ ನೀನು ನಂಬುವುದಿಲ್ಲ. ನಗು ತಡೆಯಲು ಕೆನ್ನೆ ಕಚ್ಚಿಕೊಂಡೆ ಎನ್ನುವುದೇ ನಿಜ. ಮಧ್ಯಾಹ್ನದ ಹೊತ್ತಿಗೆ ನಮ್ಮ ಅಂಗಳ ತುಂಬಿತು. ಸ್ಟಾಂಕಾ ಅತ್ತೆ ಸಾವಿನ ಮನೆಗೆಂದು ಸಕ್ಕರೆ ಹಾಕಿ ಬೇಯಿಸಿದ ಗೋಧಿಯ ತಟ್ಟೆ ಹೊತ್ತು ಅಳುತ್ತಾ ಬಂದಳು. ಅವಳ ಹಿಂದೆ ಅಜ್ಜನ ಹಳೆಯ ಶಿಷ್ಯರು, ಸತ್ತವರಿಗೆ ಒಯ್ಯುವ ಲೆಕ್ಕದಲ್ಲೇ ಸರಿಸಂಖ್ಯೆಯ ಹೂ ಹಿಡಿದುಕೊಂಡು ಬಂದರು. ಎಲ್ಲರೂ ಒಂದೊಂದು ಗುಟುಕು ರಕಿಯಾ ಸಾರಾಯಿಯನ್ನು ನೆಲಕ್ಕೆ ಚೆಲ್ಲಿ "ದೇವರು ಕ್ಷಮಿಸಲಿ" ಎನ್ನುವವರೇ. "ಬದುಕಿದ್ದಾರೆ" ಎಂದು ನಾನು ಹೇಳಿದೆ ಅಜ್ಜಿ, ಆಣೆಗೂ ಹೇಳಿದೆ. "ಹೌದಮ್ಮಾ, ನಮ್ಮೆಲ್ಲರ ಮನಸ್ಸಲ್ಲಿ ಬದುಕಿದಾರೆ" ಎಂದು ನನ್ನನ್ನೇ ತಬ್ಬಿಕೊಂಡು ಸಮಾಧಾನ ಮಾಡಿದರು. ದಿವಂಗತರು ಆ ಹೊತ್ತಿಗೆ ಹೊಸ ಅಪಾರ್ಟ್‌ಮೆಂಟಿನಲ್ಲಿ, ಲಿಫ್ಟು ಕೆಟ್ಟಿದ್ದರಿಂದ ಮೆಟ್ಟಿಲು ಹತ್ತುತ್ತಾ ಮತ ಕೇಳುತ್ತಿದ್ದರು. ಕೆಳಗಿನ ಬಾಗಿಲಿನಲ್ಲಿ ಕಾಗದ ನೋಡಿ ಬಂದಿದ್ದ ಒಬ್ಬ ಹೆಂಗಸು ಅವನು ಕರೆಗಂಟೆ ಒತ್ತಿದಾಗ ಬಾಗಿಲು ತೆರೆದು, ಶಿಲುಬೆ ಗುರುತು ಮಾಡಿಕೊಂಡು, ಮುಖದ ಮೇಲೆಯೇ ಬಾಗಿಲು ಹಾಕಿದಳಂತೆ. "ಹೊಸಬರಿಗೆ ಶಿಸ್ತೇ ಇಲ್ಲ" ಎಂದುಕೊಳ್ಳುತ್ತಾ ಮುಂದಿನ ಮಹಡಿಗೆ ಹೋದನಂತೆ.

ಅಷ್ಟರಲ್ಲಿ ನಮ್ಮ ಗೇಟಿನ ಮುಂದೆ ಕರಿ ಕಾರು ನಿಂತಿತು. ಇಳಿದವನು ಸಾಕ್ಷಾತ್ ಮೇಯರ್ ಮಾನ್ಚೆವ್. ಕೈಯಲ್ಲಿ ಚಕ್ರದಷ್ಟು ದೊಡ್ಡ ಹೂವಿನ ಹಾರ, ಹಿಂದೆ ಫೋಟೋ ತೆಗೆಯುವವನು. ಅವನ ಮುಖದಲ್ಲಿ ದುಃಖವಿತ್ತು, ದುಃಖದ ಸಂದಿಯಲ್ಲಿ ನೆಮ್ಮದಿಯೂ ಇತ್ತು. ನಿನ್ನ ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಗಂಟಲು ಸರಿಮಾಡಿಕೊಂಡ. "ನಾವು ರಾಜಕೀಯದಲ್ಲಿ ಎದುರಾಳಿಗಳು, ಆದರೆ ಅವರು ನನ್ನ ಗುರುಗಳು. ಅವರಷ್ಟು ನೇರ ಮನುಷ್ಯನನ್ನು ನಾನು ನೋಡಿಲ್ಲ. ಅವರ ಕೊನೆಯಾಸೆ ಆ ಮೈದಾನ. ಈ ಊರಿನ ಮೇಯರ್ ಆಗಿ ನಿಮ್ಮೆಲ್ಲರ ಮುಂದೆ ಮಾತು ಕೊಡುತ್ತೇನೆ, ಶಾಲೆಯ ಮೈದಾನದಲ್ಲಿ ಒಂದು ಇಟ್ಟಿಗೆ ಏಳುವುದಿಲ್ಲ. ಅದಕ್ಕೆ ಸ್ಪಾಸ್ ಗೆರ್ಗೊವ್ ಮೈದಾನ ಎಂದು ಹೆಸರಿಡುತ್ತೇನೆ!" ಜನ ಬಿಕ್ಕಿದರು. ಹತ್ತಾರು ಫೋನುಗಳು ಮೇಲೆದ್ದು ವೀಡಿಯೊ ತೆಗೆಯುತ್ತಿದ್ದವು. ಅದೇ ಕ್ಷಣದಲ್ಲಿ ಗೇಟಿನ ಕಡೆಯಿಂದ, ಊರಿನ ಅರ್ಧ ಜನರ ಬೆನ್ನುಹುರಿ ಇಂದಿಗೂ ಮರೆತಿರದ ಆ ಸೀಟಿ ಕೇಳಿಸಿತು. ಅಂಗಳದಲ್ಲಿದ್ದ ಶಿಷ್ಯರೆಲ್ಲ ಅಳುತ್ತಿದ್ದವರು ಹಾಗೆಯೇ ಸಾಲಾಗಿ ನಿಂತರು. "ಮಾನ್ಚೆವ್! ಬೆನ್ನು ನೆಟ್ಟಗೆ! ಈಗ ಹೇಳಿದ್ದನ್ನ ಇನ್ನೊಂದ್ಸಲ ಹೇಳು, ಗಟ್ಟಿಯಾಗಿ!"

ಸ್ಟಾಂಕಾ ಅತ್ತೆಯ ಕೈಯಿಂದ ಗೋಧಿಯ ತಟ್ಟೆ ಬಿತ್ತು. ಮಾನ್ಚೆವ್‌ನ ಬೆನ್ನು ನೆಟ್ಟಗಾಯಿತು, ನಾಲಗೆ ಮಾತ್ರ ಮಡಚಿಕೊಂಡಿತು. ಕೊನೆಗೆ "ಸರ್, ಅದು... ನೀವು ತೀರ್ಕೊಂಡಿದೀರಿ ಅನ್ನೋ ತಿಳುವಳಿಕೆ ಮೇಲೆ ಕೊಟ್ಟ ಮಾತು ಸರ್" ಎಂದ. ಅಜ್ಜ ಅವನ ಕೈಯಿಂದ ಹಾರ ಇಸಿದುಕೊಂಡು, ರಿಬ್ಬನ್ನಿನ ಮೇಲಿದ್ದ ತನ್ನ ಹೆಸರು ಸರಿಯಾಗಿದೆಯೇ ಎಂದು ಓದಿ, "ಹಾಗಾದ್ರೆ ನಿನ್ನ ಮಾತಿಗೆ ನಾನು ಸಾಯೋ ತನಕ ಕಾಯ್ತೀನಪ್ಪಾ, ಆ ಕಟ್ಟಡದವರು ಕಾಯ್ತಾರಾ ಕೇಳು" ಎಂದ. ಅಂಗಳವೆಲ್ಲ ನಕ್ಕ ನಗುವಿಗೆ ಕರಿ ಕಾರು ಹಿಮ್ಮುಖವಾಗಿಯೇ ಬೀದಿ ದಾಟಿತು.

ನಗು ಇಳಿದ ಮೇಲೆ ಅವನು ಜನರನ್ನೆಲ್ಲ ಒಮ್ಮೆ ಕಣ್ಣಾಡಿಸಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ನೆವೆನಾಗೆ ಯಾರಾದ್ರೂ ತಿಳಿಸಿದ್ರಾ?" ಸ್ಟಾಂಕಾ ಅತ್ತೆ ಕಣ್ಣೊರೆಸಿಕೊಂಡು ತಾನೇ ಫೋನು ಮಾಡಿದ್ದಾಗಿ ಹೇಳಿದಳು. ನೀನು ಏನೆಂದೆಯೋ ಅದನ್ನೂ ನಿನ್ನ ದನಿಯಲ್ಲೇ ಒಪ್ಪಿಸಿದಳು: "ನನ್ನನ್ನ ಕೇಳ್ದೆ ಚುನಾವಣೆಗೆ ನಿಂತಿದಾನೆ, ನಿಜ. ನನ್ನನ್ನ ಕೇಳ್ದೆ ಸಾಯೋ ಅಷ್ಟು ಧೈರ್ಯ ಅವನಿಗಿಲ್ಲ. ಸರಿಯಾಗಿ ನೋಡ್ರೇ, ಎಲ್ಲೋ ಮೆಟ್ಲು ಹತ್ತಾ ಇರ್ತಾನೆ." ಜನ ಇನ್ನೊಮ್ಮೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜನೂ ನಕ್ಕ. ನಗುತ್ತಾ ನಗುತ್ತಾ ಅಂಗಳದ ಕೊನೆಗೆ ಹೋಗಿ, ನೀನು ಮೆಣಸಿನಕಾಯಿ ಸುಡುವ ಒಲೆಯ ಪಕ್ಕ ಬೆನ್ನು ತಿರುಗಿಸಿ ನಿಂತುಕೊಂಡ. ಎಲ್ಲರೂ ಹೋದ ಮೇಲೂ ಒಳಗೆ ಬರಲಿಲ್ಲ. ನಾನು ಕೋಟು ಒಯ್ದುಕೊಟ್ಟೆ. "ಊರೆಲ್ಲ ಬಂತು ಕಲಿನಾ" ಎಂದ. ಪ್ರಧಾನ ಕಾರ್ಯದರ್ಶಿಗೆ ಆಗ ಯಾವ ಕೀಟಲೆಯೂ ಹೊಳೆಯಲಿಲ್ಲ.

ಮೇಯರ್ ಮಾತು ಕೊಟ್ಟ ಆ ವೀಡಿಯೊವನ್ನು ಹೊಸ ಬಡಾವಣೆಯವರೂ ನೋಡಿದರು. ಕಳೆದ ಭಾನುವಾರ ಮತದಾನಕ್ಕೆ ಶಾಲೆಯ ಮುಂದೆ ಸಾಲು ನಿಂತಿತು, ಸತ್ತ ಮೇಷ್ಟ್ರನ್ನು ಕಣ್ಣಾರೆ ನೋಡಬೇಕೆಂದೇ ಕೆಲವರು ಬಂದಿದ್ದರು. ಮಾನ್ಚೆವ್ ಸ್ವಲ್ಪ ಮುಂದೆ, ಅಜ್ಜ ಸ್ವಲ್ಪ ಹಿಂದೆ, ಇಬ್ಬರಿಗೂ ಅರ್ಧದಷ್ಟು ಮತ ಬರಲಿಲ್ಲ. ಆದ್ದರಿಂದ ನಾಡಿದ್ದು ಭಾನುವಾರ ಇವರಿಬ್ಬರ ನಡುವೆಯೇ ಎರಡನೇ ಸುತ್ತು. ಅಜ್ಜ ಗೆದ್ದರೂ ಗೆಲ್ಲಬಹುದು ಎನ್ನುತ್ತಾರೆ. ಗೆಲ್ಲಬಹುದಾದವನು ಮಾತ್ರ ಸಂಜೆ ಹೊತ್ತು ಬ್ರೆಡ್ಡಿಗೆ ಚೀಸು ಹಚ್ಚಿಕೊಂಡು ತಿನ್ನುವಾಗ, ಮೇಜಿನ ಮೇಲೆ ಎರಡು ತಟ್ಟೆ ಹೆಚ್ಚಾಗಿ ಇಡುತ್ತಾನೆ. ಒಂದು ಅತಿಥಿಗೆ ಎನ್ನುತ್ತಾನೆ. ಇನ್ನೊಂದು ಯಾರಿಗೆ ಎಂದು ನಾನು ಕೇಳುವುದಿಲ್ಲ.

ಪೆಂಕಾ ಚಿಕ್ಕಜ್ಜಿಗೆ ನನ್ನ ಮುತ್ತು, ಬೆಕ್ಕಿಗೆ ನನ್ನ ವಂದನೆ, ನಿನ್ನ ಎರಡೂ ಮಂಡಿಗಳಿಗೆ ಸಮಿತಿಯ ಪರವಾಗಿ ಶೀಘ್ರ ಗುಣವಾಗಲೆಂಬ ಹಾರೈಕೆ. ನಿನ್ನ ಕೋಪಕ್ಕೆ ನನ್ನ ಪೂರ್ಣ ಬೆಂಬಲವಿದೆ. ಆದರೆ ಅದು ಸ್ವಲ್ಪ ಬೇಗ ಮುಗಿದರೂ ನನ್ನ ಅಭ್ಯಂತರವಿಲ್ಲ.

ನಿನ್ನ ಬಡಪಾಯಿ, ಬ್ರೆಡ್ಡು ತಿಂದು ಬದುಕಿರುವ
ಕಲಿನಾ

ತಾ.ಕ.: ಶನಿವಾರ ಬೆಳಗಿನ ಜಾವ. ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ಈಗಾಗಲೇ ನೋಡಿರುತ್ತೀ. ಇದನ್ನು ನಿನ್ನ ಕೈಗೆ ಕೊಟ್ಟು, ಟೋಪಿ ಹಿಡಿದುಕೊಂಡು ಪೆಂಕಾ ಚಿಕ್ಕಜ್ಜಿಯ ಮೆಟ್ಟಿಲ ಮೇಲೆ ನಿಂತಿರುವವನ ಮುಖದ ಮೇಲೆ ಬಾಗಿಲು ಹಾಕಬೇಡ. ಮತದಾನದ ಹಿಂದಿನ ದಿನ ಪ್ರಚಾರ ಮಾಡುವಂತಿಲ್ಲ ಎಂಬುದು ಕಾನೂನು. ನಿನ್ನ ಮತವೂ ನಮ್ಮೂರಲ್ಲೇ ಇರುವುದರಿಂದ ನಿನ್ನ ಹತ್ತಿರ ಅವನು ಇಂದು ಊರು, ಮೈದಾನ, ಮಾನ್ಚೆವ್ ಯಾವ ಮಾತನ್ನೂ ಎತ್ತುವಂತಿಲ್ಲ. ಅವನ್ನೆಲ್ಲ ತೆಗೆದರೆ ಅವನಿಗೆ ಹೇಳಲು ಉಳಿಯುವುದು "ತಪ್ಪಾಯ್ತು ನೆವೆನಾ" ಎಂಬುದೊಂದೇ, ಅದನ್ನು ಎದ್ದಾಗಿನಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದಾನೆ, ಇನ್ನೂ ಸರಿಯಾಗಿ ಬರುತ್ತಿಲ್ಲ, ಸ್ವಲ್ಪ ಕಾಯಿ. ವಾಪಸು ಬರಲು ಇಂದು ರಾತ್ರಿಯ ರೈಲಿಗೆ ಎರಡು ಟಿಕೆಟು ತೆಗೆದಿದ್ದಾನೆ. ಅಜ್ಜಿ ಬರದಿದ್ದರೆ ಎಂದು ಕೇಳಿದೆ. "ಬರದಿದ್ರೆ ನಾನೂ ಬರಲ್ಲ, ಅಲ್ಲೇ ಮೆಟ್ಲ ಮೇಲೆ ಕೂತ್ಕೋತೀನಿ. ಮೇಯರ್ ಬೇಕಾದ್ರೆ ಊರೇ ಹುಡುಕ್ಕೊಳ್ಳಲಿ" ಎಂದ. ಅಭ್ಯರ್ಥಿಯ ಮೇಲೆ ನಿನಗೆ ಎಷ್ಟು ಸಿಟ್ಟಿದೆಯೋ ಇರಲಿ, ಭಾನುವಾರದ ತನಕ ಇಟ್ಟುಕೊ. ಇವತ್ತು ಒಂದು ದಿನ ಅವನು ಕಾನೂನು ಪ್ರಕಾರವೇ ಬರೀ ನಿನ್ನ ಗಂಡ.